ಬೆಳೆದವರ ಹೆಸರೂ ದಾಖಲೆಗೆ ಬರಲಿ

ಮಾನ್ಯ ಸಂಪಾದಕರೇ,

ಪಿಎಂ ಕಿಸಾನ್ ಸಮ್ಮಾನ್ ಯೋಜನೆಯ ಕಂತು ಜಮೆಯಾದಾಗಲೆಲ್ಲ ಎಷ್ಟು ಕೋಟಿ ರೈತರಿಗೆ ಎಷ್ಟು ಸಾವಿರ ಕೋಟಿ ರೂಪಾಯಿ ತಲುಪಿತೆಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತದೆ. ಯೋಜನೆಯ ಜಾಲತಾಣದಲ್ಲಿ ಫಲಾನುಭವಿಗಳ ಪಟ್ಟಿಯನ್ನು ಗ್ರಾಮವಾರು ಯಾರು ಬೇಕಾದರೂ ನೋಡಬಹುದು. ಹಾವೇರಿ ಜಿಲ್ಲೆಯ ನಮ್ಮ ಭಾಗದಲ್ಲಿ ಆ ಪಟ್ಟಿಯನ್ನು ಊರವರ ಮುಂದೆ ಓದಿದರೆ, ಹೊಲವನ್ನು ಲಾವಣಿಗೋ (ಹಣದ ಗೇಣಿ) ಕೋರಿಗೋ (ಬೆಳೆಯಲ್ಲಿ ಪಾಲು) ಕೊಟ್ಟು ಪಟ್ಟಣ ಸೇರಿದವರ ಹೆಸರುಗಳು ಅದರಲ್ಲಿ ಸಿಗುತ್ತವೆ. ಅದೇ ಹೊಲದಲ್ಲಿ ಸಾಲ ಮಾಡಿ ಗೋವಿನಜೋಳ ಬಿತ್ತಿದವರ ಹೆಸರು ಮಾತ್ರ ಇರುವುದಿಲ್ಲ.

ಇದರಲ್ಲಿ ಮಾಲೀಕರ ಕಳ್ಳತನವೇನೂ ಇಲ್ಲ. ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುವ ಈ ಯೋಜನೆ ಜಮೀನು ಯಾರ ಹೆಸರಿನಲ್ಲಿದೆ ಎಂಬುದನ್ನಷ್ಟೇ ನೋಡುತ್ತದೆ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರಲ್ಲಿ ‘ಡಿ’ ವೃಂದದವರನ್ನು ಬಿಟ್ಟು ಉಳಿದವರು, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚಿನ ಪಿಂಚಣಿ ಪಡೆಯುವವರು ಇದರಿಂದ ಹೊರಗಿದ್ದಾರೆ. ಅಷ್ಟು ವಿವರವಾಗಿ ಯೋಚಿಸಿದ ನಿಯಮಗಳಲ್ಲಿ, ಉಳುವುದು ಯಾರು ಎಂಬ ಪ್ರಶ್ನೆಗೆ ಎಡೆಯೇ ಸಿಗಲಿಲ್ಲ.

ನಮ್ಮ ರಾಜ್ಯದಲ್ಲಿ ಈ ತೊಡಕಿಗೆ ಇನ್ನೊಂದು ಗಂಟಿದೆ. ಉಳುವವನನ್ನೇ ಒಡೆಯನನ್ನಾಗಿ ಮಾಡಿದ 1974ರ ಭೂಸುಧಾರಣಾ ತಿದ್ದುಪಡಿ ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು. ಜೊತೆಗೆ, ಸೈನಿಕರು ಮತ್ತು ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಗೇಣಿ ನಿಲ್ಲಲಿಲ್ಲ, ಅದು ಬಾಯಿಮಾತಿಗೆ ಇಳಿಯಿತು. ಕಾಗದದ ಮೇಲೆ ಬರೆದುಕೊಟ್ಟರೆ ಜಮೀನೇ ಕೈತಪ್ಪೀತು ಎಂಬ ಹೆದರಿಕೆಯಿಂದ ಮಾಲೀಕರು ಸಹಿ ಹಾಕುವುದಿಲ್ಲ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿಗೆ ಜಾಗವಿದ್ದರೂ ಅಲ್ಲಿಯೂ ಸಾಮಾನ್ಯವಾಗಿ ಮಾಲೀಕರ ಹೆಸರೇ ಇರುತ್ತದೆ.

ಬರ ಬಿದ್ದ ವರ್ಷ ಇದರ ಪೆಟ್ಟು ಜೋರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿಗೆ ಮಿತಿಗೊಳಿಸಿ, ಪರಿಹಾರ ನಿಗದಿಯಾಗಿತ್ತು. ಹಣ ಜಮೆಯಾದದ್ದು ರೈತರ ನೋಂದಣಿಯ ‘ಫ್ರೂಟ್ಸ್’ ತಂತ್ರಾಂಶದ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆಯ ಆಧಾರದ ಮೇಲೆ, ಅಂದರೆ ಪಹಣಿದಾರರ ಖಾತೆಗೆ. ಬೀಜ, ಗೊಬ್ಬರ, ಆಳು ಎಂದು ಖರ್ಚು ಮಾಡಿ ಬೆಳೆ ಕಳೆದುಕೊಂಡವರು ಮುಂಗಡ ಕೊಟ್ಟ ಲಾವಣಿ ಹಣವನ್ನೂ ಕಳೆದುಕೊಂಡರು. ಕೆಲವು ಮಾಲೀಕರು ಪರಿಹಾರದಲ್ಲಿ ಪಾಲು ಕೊಟ್ಟದ್ದುಂಟು. ಆದರೆ ಸರ್ಕಾರದ ನೆರವು ಒಬ್ಬರ ಒಳ್ಳೆಯತನವನ್ನು ನೆಚ್ಚಿಕೊಳ್ಳಬೇಕೇ? ಬೆಳೆ ವಿಮೆಯ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಲ್ಲಿ ಗೇಣಿದಾರರಿಗೂ ಪಾಲುದಾರರಿಗೂ ಅವಕಾಶವಿದೆ. ಗೇಣಿಯ ಕಾಗದವೇ ಹುಟ್ಟದ ಕಡೆ ಆ ಅವಕಾಶ ಯಾರಿಗೆ ದಕ್ಕೀತು?

ಬೇರೆ ರಾಜ್ಯಗಳು ದಾರಿ ಹುಡುಕಿವೆ. ಒಡಿಶಾದ ರೈತ ನೆರವಿನ ‘ಕಾಲಿಯಾ’ ಯೋಜನೆ ಪಾಲುದಾರರನ್ನೂ ಭೂರಹಿತರನ್ನೂ ಒಳಗೊಂಡಿತ್ತು. ಆಂಧ್ರಪ್ರದೇಶದ 2019ರ ಕಾಯ್ದೆ, ಭೂಮಿಯ ಮೇಲೆ ಯಾವ ಹಕ್ಕನ್ನೂ ಕೊಡದ ಹನ್ನೊಂದು ತಿಂಗಳ ಒಪ್ಪಂದದ ಆಧಾರದಲ್ಲಿ ಸಾಗುವಳಿದಾರರಿಗೆ ಅವರೇ ಬೆಳೆಗಾರರೆಂದು ಗುರುತಿಸುವ ಕಾರ್ಡ್ ನೀಡಿತು. ಮಾಲೀಕರ ಸಹಿ ಬೇಕೇ ಬೇಕೆಂಬ ನಿಯಮದಿಂದಾಗಿ ಅಲ್ಲಿಯೂ ಕಾರ್ಡ್ ಸಿಗದವರು ಬಹಳ ಮಂದಿ ಉಳಿದರು; ಆ ಅನುಭವವನ್ನು ನಮ್ಮವರು ಮೊದಲೇ ಗಮನಿಸಬೇಕು.

ಕಾಯ್ದೆಯ ತಿದ್ದುಪಡಿಗೆ ಕಾಲ ಹಿಡಿಯುವುದಾದರೆ, ಸದ್ಯಕ್ಕೆ ಒಂದು ಕೆಲಸ ಆಗಬಹುದು. ಪ್ರತಿ ಹಂಗಾಮಿನಲ್ಲಿ ಮೊಬೈಲ್ ಹಿಡಿದು ಹೊಲಹೊಲಕ್ಕೆ ಹೋಗಿ ಬೆಳೆ ಸಮೀಕ್ಷೆ ಮಾಡುವವರು, ಬೆಳೆ ಯಾವುದೆಂದು ದಾಖಲಿಸುವಾಗಲೇ ಬೆಳೆದವರು ಯಾರೆಂಬುದನ್ನು ಅಕ್ಕಪಕ್ಕದ ಹೊಲದವರ ಸಮ್ಮುಖದಲ್ಲಿ ಕಡ್ಡಾಯವಾಗಿ ಬರೆದುಕೊಳ್ಳಲಿ. ಆ ದಾಖಲೆ ಭೂಮಿಯ ಹಕ್ಕಿಗೆ ಸಾಕ್ಷಿಯಾಗದೆಂದು ಆದೇಶದಲ್ಲೇ ನಮೂದಿಸಿ, ಬರ ಮತ್ತು ನೆರೆ ಪರಿಹಾರಕ್ಕಾದರೂ ಅದನ್ನು ಆಧಾರವಾಗಿ ಒಪ್ಪಬೇಕೆಂದು ಕಂದಾಯ ಮತ್ತು ಕೃಷಿ ಸಚಿವರನ್ನು ಕೋರುತ್ತೇನೆ.

– ಒಬ್ಬ ಓದುಗ, ಹಾನಗಲ್ ತಾಲ್ಲೂಕು