‘ಅಂತೆ’ಯನ್ನು ಕೀಳಬೇಡ

ತೀರ್ಥಹಳ್ಳಿ

ತಂಗೀ,

ನಿನ್ನ ಕಥೆ ಎರಡು ಸಲ ಓದಿದೆ. ಎರಡು ಯಂತ್ರಗಳು ಗುಟ್ಟಿನ ಭಾಷೆ ಕಟ್ಟಿಕೊಂಡು ಪಿಸುಗುಡುವುದು, ವಿಜ್ಞಾನಿಗಳು ಬೆವತು ಪ್ಲಗ್ ಕೀಳುವುದು, ಎಲ್ಲ ಸರಾಗ ಓದಿಸಿಕೊಳ್ಳುತ್ತದೆ. ಆದರೆ ಅದು ಊರೆಲ್ಲ ಸುತ್ತಿ ಬಂದ ಕಥೆ ಮಾರಾಯ್ತಿ.

2017ರಲ್ಲಿ ಫೇಸ್‌ಬುಕ್‌ನ ಸಂಶೋಧಕರು ಎರಡು ಪ್ರೋಗ್ರಾಂಗಳಿಗೆ ಪುಸ್ತಕ, ಟೋಪಿ, ಚೆಂಡು ಹಂಚಿಕೊಳ್ಳುವ ಚೌಕಾಸಿ ಕಲಿಸುತ್ತಿದ್ದರು. ಸರಿಯಾದ ಇಂಗ್ಲಿಷೇ ಆಡಬೇಕೆಂಬ ಕಟ್ಟು ಹಾಕಿರಲಿಲ್ಲ. ಅವು ‘ನನಗೆ ನನಗೆ ನನಗೆ’ ಎಂದು ಒಂದೇ ಮಾತು ಉರುಹೊಡೆಯತೊಡಗಿದವು. ಮನುಷ್ಯರ ಜೊತೆ ವ್ಯವಹಾರಕ್ಕೆ ಇದು ಆಗದು ಅಂತ ತಿದ್ದಿದರು. ಬೆವರು, ಪ್ಲಗ್ಗು ಆಮೇಲೆ ಸೇರಿದ್ದು.

ಹಾಗಂತ ಕಥೆ ಹರಿದುಹಾಕಬೇಡ. 90ರ ದಶಕದಲ್ಲಿ ‘ನಾಳೆ ಬಾ’ ಗುಲ್ಲು ಎದ್ದಾಗ ನಮ್ಮನೆ ಜಗಲಿಯಲ್ಲಿ ಅಡಿಕೆ ಸುಲಿತ ನಡೆದಿತ್ತು. ಮೆಟ್ಟುಗತ್ತಿ ಮುಂದೆ ಕೂತ ಅಜ್ಜಿ, ಕರೆ ಹತ್ತಿ ಕಪ್ಪಾದ ಬೆರಳು ಒಂದು ಕ್ಷಣವೂ ನಿಲ್ಲಿಸದೆ, ‘ರಾತ್ರಿ ಬಾಗಿಲು ತಟ್ಟಿತಂತೆ, ಪಕ್ಕದೂರಲ್ಲಿ’ ಅಂದಳು. ಪಕ್ಕದೂರಿಗೆ ಹೋಗಿ ಕೇಳಿದರೆ ಅವರು ನಮ್ಮೂರನ್ನೇ ತೋರಿಸಿದರು! ಆದರೂ ಅವತ್ತು ಸಂಜೆ ಸೀಮೆಸುಣ್ಣ ಹಿಡಿದು ಬಾಗಿಲ ಮೇಲೆ ಬರೆದವನು ನಾನೇ. ದೆವ್ವಕ್ಕೆ ಕನ್ನಡ ಓದಲು ಬರುತ್ತದೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ.

ಯಂತ್ರದ ಕಥೆಗೂ ಒಂದು ಪಕ್ಕದೂರು ಇರುತ್ತದೆ. ಟ್ಯಾಂಕ್ ಗುರುತಿಸಲೆಂದು ಸೈನ್ಯದವರು ಯಂತ್ರಕ್ಕೆ ಫೋಟೊ ತೋರಿಸಿ ಕಲಿಸಿದರೆ, ಟ್ಯಾಂಕಿನ ಫೋಟೊಗಳೆಲ್ಲ ಮೋಡದ ದಿನ ತೆಗೆದವಾದ್ದರಿಂದ ಅದು ಕಲಿತದ್ದು ಬರೀ ಮೋಡವನ್ನಂತೆ. ಇನ್ನೊಬ್ಬರ ಬಾಯಲ್ಲಿ ಅದು ಮೋಡವಲ್ಲ, ಹೊತ್ತಿನ ಬೆಳಕು. ಮತ್ತೊಬ್ಬರಿಗೆ ಟ್ಯಾಂಕು ರಷ್ಯಾದ್ದು. ಬೇರು ಹುಡುಕಿದವರಿಗೆ ಆ ಪ್ರಯೋಗವೇ ಸಿಕ್ಕಿಲ್ಲ. ಯಂತ್ರ ಹಾಗೆ ಎಡವುವುದು ಮಾತ್ರ ನಿಜ, ಅದಕ್ಕೇ ಮೇಷ್ಟ್ರುಗಳು ಇನ್ನೂ ಆ ಕಥೆ ಬಿಟ್ಟಿಲ್ಲ.

ನಮ್ಮ ಭಾಷೆಯಲ್ಲಿ ‘ಅಂತೆ’ ಅನ್ನುವ ಪುಟ್ಟ ಬಾಲವಿದೆ. ಹೇಳಿದವನು ಕಂಡಿಲ್ಲ, ಆದರೆ ಬಿಡಲೂ ಮನಸ್ಸಿಲ್ಲ ಅನ್ನುವುದು ಅದೊಂದರಲ್ಲೇ ಬಂತು. ನೀನು ಅದನ್ನೆಲ್ಲ ಕಿತ್ತು, ಕಣ್ಣಾರೆ ಕಂಡವಳ ಹಾಗೆ ಬರೆದಿದ್ದೀಯ. ವಿಜ್ಞಾನಿಗಳನ್ನು ಕೈಬಿಡು. ಮೂರನೇ ಪುಟದಲ್ಲಿ ಬಸ್‌ಸ್ಟ್ಯಾಂಡ್ ಹೋಟೆಲಿನ ಹುಡುಗ ಮೊಬೈಲ್ ಚಾಚಿ ‘ನಮ್ಮ ಭಾವನ ಆಫೀಸಲ್ಲೇ ಆಗಿದ್ದಂತೆ’ ಅನ್ನುತ್ತಾನಲ್ಲ, ಅವನಿಗೆ ಒಂದೇ ಸಾಲು ಕೊಟ್ಟಿದ್ದೀಯ. ಭಾವನ ಕೆಲಸ ಹೋಗಿದೆಯಾ? ಮನೆಗೆ ದುಡ್ಡು ಕಳಿಸುವುದು ನಿಂತಿದೆಯಾ? ಅಲ್ಲಿಂದ ಹಿಡಿ.

ತಿದ್ದಿದ್ದನ್ನು ಅಡಿಕೆ ಕೊನೆಕೊಯ್ಲಿಗೆ ಮೊದಲೇ ಕಳಿಸು. ಆಮೇಲೆ ನನಗೆ ಕೈ ಬಿಡುವಿರುವುದಿಲ್ಲ.

ನಿನ್ನ ಅಣ್ಣ