ತೋಳಿಗ್ಯಾಕ, ಅಕ್ಕಾ?

ತಿಲಕವಾಡಿ, ಬೆಳಗಾವಿ

ಚಿ. ಗಿರಿಜಾಗೆ ದೊಡ್ಡವ್ವನ ಆಶೀರ್ವಾದಗಳು.

ನಿನ್ನ ಪತ್ರ ಸೋಮವಾರ ಬಂತು. ಹಾಸ್ಟೆಲ್ ಊಟ, ಅಪ್ಪನ ಸಿಟ್ಟು, ಪರೀಕ್ಷೆ ಎಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿದ್ದಾಳೆ, ಬಿಡು. ಒಂದೇ ಒಂದು ಸಾಲು ನಾಲ್ಕು ದಿನದಿಂದ ನನ್ನನ್ನು ಸುಮ್ಮನೆ ಕೂರಲು ಬಿಡುತ್ತಿಲ್ಲ. ನರ್ಸಿಂಗ್ ಹುಡುಗಿಯರೆಲ್ಲ ಹೆಪಟೈಟಿಸ್ ಬಿ ಸೂಜಿ ಮಾಡಿಸಿಕೊಳ್ಳಬೇಕು ಅಂದರಂತೆ. ನೀನು ಅಂಜಿ ಹಿಂದೆ ಸರಿದೆಯಂತೆ. ಆಮೇಲೆ ಬರೆದಿದ್ದೀಯಲ್ಲ, "ನಾನು ಒಲ್ಲೆ ಅಂದರೆ ಅದನ್ನ ನಾನು ಅಂದಿದ್ದೋ, ನನ್ನ ಕಾಯಿಲೆ ಅಂದಿದ್ದೋ ನನಗೇ ತಿಳೀತಿಲ್ಲ ದೊಡ್ಡವ್ವ" ಅಂತ.

ಆ ಸಾಲು ಓದಿ ಕನ್ನಡಕ ತೆಗೆದಿಟ್ಟೆ.

ನಮ್ಮ ಮನೆ ಹಿಂದಿನ ವ್ಯಾಕ್ಸಿನ್ ಡಿಪೋ ನಿನಗೆ ಆಡುವ ಬಯಲು ಮಾತ್ರ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಕರುಗಳ ಚರ್ಮದ ಮೇಲೆ ಬೆಳೆಸಿ ತೆಗೆಯುತ್ತಿದ್ದರು. ನನ್ನ ತೋಳಿನ ಮೇಲಿನ ದುಂಡನೆ ಕಲೆ ಅದರದೇ. ಊರಿಗೆ ದೇವಿ ಹಾಕುವವರು, ಅಂದರೆ ಆ ಲಸಿಕೆ ಹಾಕುವವರು, ಬಂದರೆ ನಮ್ಮ ಅಜ್ಜಿ ನಮ್ಮನ್ನೆಲ್ಲ ಬಣವೆ ಹಿಂದೆ ಅಡಗಿಸುತ್ತಿದ್ದಳು. ದೇವಿ ಮುನಿಯುತ್ತಾಳೆ ಅನ್ನುತ್ತಿದ್ದಳು. ಆದರೂ ಊರಲ್ಲಿ ಯಾರೂ ಅವಳಿಗೆ ತಲೆ ಕೆಟ್ಟಿದೆ ಅನ್ನಲಿಲ್ಲ. ಮುದುಕಿ, ಅಂಜುತ್ತಾಳೆ ಅಂದರು. ಮನವೊಲಿಸಿದರು, ಬೈದರು, ಕಡೆಗೆ ಹಾಕಿಸಿಯೇ ಹೋದರು. 1977ಕ್ಕೆ ನಮ್ಮ ದೇಶಕ್ಕೆ ಸಿಡುಬು ಮುಗಿಯಿತು ಅಂತ ಸಾರಿದಾಗ ಅವಳಿರಲಿಲ್ಲ. ಮನಸ್ಸಿನ ಕಾಯಿಲೆಗೆ ಗುಳಿಗೆ ನುಂಗದವಳು ಅಂಜಿದರೆ ಅದು ಅಂಜಿಕೆ. ನೀನು ಅಂಜಿದರೆ ಮಾತ್ರ ಕಾಯಿಲೆ. ಇದು ಯಾವ ನ್ಯಾಯ, ಹೇಳು.

ಹೀಗೆ ಕೇಳುವ ಬಾಯಿ ನನಗಿಲ್ಲ, ಅದೂ ನಿಜ. ನಿನ್ನ ಸಣ್ಣ ಮಾವನ ವಿಷಯದಲ್ಲಿ ನಾನು ಮಾಡಿದ್ದು ಕೇಳಿದರೆ ನಿನಗೇ ಗೊತ್ತಾಗುತ್ತದೆ. ನಿಮ್ಮವ್ವನಿಗೂ ಪೂರ್ತಿ ಹೇಳಿಲ್ಲ.

2021ರ ಏಪ್ರಿಲ್. 45 ದಾಟಿದವರಿಗೆಲ್ಲ ಕೊರೊನಾ ಸೂಜಿ ಶುರುವಾಗಿತ್ತು. ಮಾರ್ಚ್‌ನಲ್ಲಿ ಬೇರೆ ಕಾಯಿಲೆ ಇದ್ದವರಿಗೆ ಮೊದಲು ಅಂತ 20 ಕಾಯಿಲೆಗಳ ಪಟ್ಟಿ ಮಾಡಿದ್ದರು. ನಿನ್ನ ಸಣ್ಣ ಮಾವನ ಮನಸ್ಸಿನ ಕಾಯಿಲೆ, ಸ್ಕಿಜೋಫ್ರೇನಿಯಾ, ಅದರಲ್ಲಿ ಇರಲಿಲ್ಲ. ಬ್ರಿಟನ್ನಿನವರು ಮನಸ್ಸಿನ ದೊಡ್ಡ ಕಾಯಿಲೆ ಇದ್ದವರನ್ನು ಮೊದಲೇ ಸೇರಿಸಿಕೊಂಡಿದ್ದರು. ನ್ಯೂಯಾರ್ಕಿನಲ್ಲಿ ಲೆಕ್ಕ ಹಾಕಿದಾಗ, ಕೊರೊನಾದಿಂದ ಸಾಯುವ ಅಪಾಯದಲ್ಲಿ ವಯಸ್ಸಿನ ನಂತರದ ಜಾಗ ಸ್ಕಿಜೋಫ್ರೇನಿಯಾಕ್ಕೇ ಇತ್ತು. ಇದೆಲ್ಲ ನಾನು ಆಮೇಲೆ ಓದಿದ್ದು. ಆಗ ನನಗಿದ್ದದ್ದು ಗಾಬರಿ ಒಂದೇ. ಓಣಿಯಲ್ಲಿ ದಿನಾ ಒಂದು ಹೆಣ. ಇವನು ಮಾತ್ರ ಒಲ್ಲೆ, ಒಲ್ಲೆ.

ಯಾಕೆ ಒಲ್ಲೆ ಅಂತ ನಾನು ಒಂದು ದಿನವೂ ಕೇಳಲಿಲ್ಲ ಗಿರಿಜಾ. ಕಾಯಿಲೆ ಮಾತಾಡುತ್ತಿದೆ ಅಂದುಕೊಂಡೆ.

ಅವನ ಕಾಯಿಲೆಗೆ ಕೊಡುವ ತಿಂಗಳ ಇಂಜೆಕ್ಷನ್ನಿಗೆ ಹೋಗೋಣ ಬಾ ಅಂತ ಕರೆದುಕೊಂಡು ಹೋದೆ. ಅದನ್ನು ಯಾವಾಗಲೂ ಸೊಂಟದ ಕೆಳಗೆ ಮಾಡುತ್ತಿದ್ದರು. ಅಲ್ಲಿ ಅಂಗಿ ತೋಳು ಮಡಚು ಅಂದಾಗ ನನ್ನ ಮುಖ ನೋಡಿದ. "ಈ ಸಲ ತೋಳಿಗ್ಯಾಕ, ಅಕ್ಕಾ?" ಅಂದ. ಹೊಸ ಪದ್ಧತಿ ಅಂದೆ. ಆಮೇಲೆ ಅರ್ಧ ತಾಸು ಕೂತಿದ್ದೆವು. ಯಾಕೆ ಕೂರಬೇಕು ಅಂತ ಕೇಳಿದ. ಬಿಸಿಲು ಇಳಿಯಲಿ ಅಂದೆ. ಸಂಜೆ ನನ್ನ ಫೋನಿಗೆ ಮೆಸೇಜ್ ಬಂತು. ಓದಿದ್ದು ಅವನೇ.

ಏನೂ ಕೂಗಾಡಲಿಲ್ಲ. ಮುಂದಿನ ತಿಂಗಳು ಇಂಜೆಕ್ಷನ್ನಿಗೆ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ದೀಪಾವಳಿ ಹೊತ್ತಿಗೆ ಏನಾಯಿತು ಅಂತ ನೀನೇ ನೋಡಿದ್ದೀಯ, ಅದನ್ನು ಮತ್ತೆ ಬರೆಯುವುದಿಲ್ಲ.

ಒಂದು ವರ್ಷದ ಮೇಲೆ ಅವನೇ ಹೇಳಿದ. ಸೂಜಿಗೆ ಅಂಜಿರಲಿಲ್ಲವಂತೆ. ಹಿಂದೆ ಒಂದು ಸಲ ನಾಲ್ಕು ಜನ ಅವನನ್ನು ಒತ್ತಿ ಹಿಡಿದು ಸೂಜಿ ಚುಚ್ಚಿದ್ದರು. ಅಷ್ಟು ದೊಡ್ಡ ಸಾಲಿನಲ್ಲಿ ಕೈ ನಡುಗಿದರೆ ಮತ್ತೆ ಹಾಗೆ ಹಿಡಿಯುತ್ತಾರೆ ಅಂತ ಅವನ ಲೆಕ್ಕ. ಸಣ್ಣ ಲೆಕ್ಕ, ಸರಿಯಾದ ಲೆಕ್ಕ. ಮೊದಲೇ ಕೇಳಿದ್ದರೆ ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಬಹುದಿತ್ತು, ಅಷ್ಟೇ.

ಈಗ ನಿನ್ನದು. ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ, ನೀನೇ ಕಲಿಯುತ್ತಿರುವವಳು. ಆದರೂ ಹೇಳುತ್ತೇನೆ. ಈ ಲಸಿಕೆಯಲ್ಲಿ ಜೀವಂತ ರೋಗಾಣು ಇಲ್ಲ. ಇವತ್ತು ಒಂದು, ಒಂದು ತಿಂಗಳ ನಂತರ ಒಂದು, ಆರನೇ ತಿಂಗಳಿಗೆ ಒಂದು. ರಕ್ತ ಮುಟ್ಟುವ ಕೆಲಸ ನಿನ್ನದು, ಯಾರದೋ ಸೂಜಿ ನಿನ್ನ ಬೆರಳಿಗೆ ತಾಗಬಹುದು, ಅದಕ್ಕೇ ಕೇಳುತ್ತಾರೆ. ತೋಳು ನೋಯಬಹುದು, ಕೆಲವರಿಗೆ ಸಣ್ಣ ಜ್ವರ. ನಿನ್ನ ಮನಸ್ಸಿನ ಕಾಯಿಲೆಯ ಲಿಥಿಯಂ ಗುಳಿಗೆ ನೀನಾಗಿ ಬಿಡಬೇಡ. ನೀರು ಜಾಸ್ತಿ ಕುಡಿ, ಬಾಗಲಕೋಟೆ ಬಿಸಿಲು ಬೇರೆ. ಮೈಯಲ್ಲಿ ನೀರು ಕಡಿಮೆಯಾದರೆ ಲಿಥಿಯಂ ರಕ್ತದಲ್ಲಿ ಏರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾರು ಕೊಟ್ಟರೂ ತೊಗೋಬೇಡ, ಅವೂ ಅದನ್ನು ಏರಿಸುತ್ತವೆ. ರಾತ್ರಿ ಡ್ಯೂಟಿ ಮುಗಿಸಿ ನಿದ್ದೆಗೆಟ್ಟು ಹೋಗಿ ನಿಲ್ಲಬೇಡ. ಧಾರವಾಡಕ್ಕೆ ತೋರಿಸಲು ಹೋದಾಗ ಡಾಕ್ಟರಿಗೂ ಒಂದು ಮಾತು ಕೇಳು. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ಅವರು ಹೇಳಿದ್ದೇ ಸರಿ.

ಮತ್ತೆ ಆ ಸಾಲಿಗೇ ಬರುತ್ತೇನೆ, ಬೇಜಾರಾಗಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಒಂದು ಮಾತಿದೆ. ಒಬ್ಬರ ತೀರ್ಮಾನ ಬೇರೆಯವರಿಗೆ ತಪ್ಪು ಅನ್ನಿಸಿತು ಅಂದ ಮಾತ್ರಕ್ಕೆ ಅವರಿಗೆ ತೀರ್ಮಾನ ಮಾಡುವ ಶಕ್ತಿ ಇಲ್ಲ ಅಂತ ಆಗುವುದಿಲ್ಲ. ಮನಸ್ಸಿನ ಚಿಕಿತ್ಸೆಗೆ ಅಂತ ಬರೆದದ್ದು ಅದು. ಈ ಸೂಜಿಗೂ ಸಲ್ಲುತ್ತದೆ ಅಂತ ನನ್ನ ಎಣಿಕೆ.

ಹಾಗಂತ ಕಾಯಿಲೆ ಯಾವತ್ತೂ ಮಾತಾಡುವುದಿಲ್ಲ ಅನ್ನಲಾರೆ. ಎರಡು ರಾತ್ರಿ ನಿದ್ದೆ ಇಲ್ಲದೆ, ಆ ಬಾಟಲಿ ನಿನಗೊಬ್ಬಳಿಗೇ ಅಂತ ಬಂದಿದೆ ಅನ್ನಿಸಿದರೆ ಆಗಲೇ ನನಗೆ ಫೋನ್ ಮಾಡು. ಎಷ್ಟೊತ್ತಾದರೂ ಸರಿ. ಜ್ವರ ಬಂದು ಮೊದಲಿನ ಹಾಗೆ ಆದರೆ ಅನ್ನುವ ಅಂಜಿಕೆ ಇದ್ದರೆ, ಒಂದು ಸಲ ಬಿದ್ದು ಎದ್ದವರಿಗೆಲ್ಲ ಅದು ಇದ್ದದ್ದೇ. ನಿನ್ನ ರೂಮಿನ ಹುಡುಗಿಯೂ ಕಣ್ಣು ಮುಚ್ಚಿಕೊಂಡೇ ಸೂಜಿ ಮಾಡಿಸಿಕೊಂಡಿರುತ್ತಾಳೆ, ಕೇಳಿ ನೋಡು.

ಮಾಡಿಸಿಕೋ ಅಂತಲೇ ನನ್ನ ಆಸೆ. ಮುಚ್ಚಿಟ್ಟರೆ ಮತ್ತೆ ಅದೇ ತಪ್ಪಾಗುತ್ತದೆ, ಅದಕ್ಕೆ ಹೇಳಿಬಿಟ್ಟೆ. ಬೇಕಾದರೆ ಬಸ್ ಹತ್ತಿ ಬರುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ.

ನಿನ್ನ ಸಣ್ಣ ಮಾವ ಈಗ ಇಂಜೆಕ್ಷನ್ ತಪ್ಪಿಸುವುದಿಲ್ಲ. ಬಾಟಲಿ ಮೇಲಿನ ಹೆಸರು ತಾನೇ ಓದಿ ಆಮೇಲೆ ತಿರುಗಿ ಮಲಗುತ್ತಾನೆ. ಇಷ್ಟು ಬರೆಯುವಾಗ ಚಹಾ ತಂದಿಟ್ಟು, ಯಾರಿಗೆ ಬರೀತಿ ಅಂದ. ಪೂರ್ತಿ ಓದಿ ಹೇಳಿದೆ. ಸುಮ್ಮನೆ ಕೇಳಿದ. "ಅರ್ಧ ತಾಸಲ್ಲ, ಮುಕ್ಕಾಲು ತಾಸು ಕೂರಿಸಿದ್ದಿ. ತಿದ್ದು" ಅಂದ.

ನಿನ್ನ
ದೊಡ್ಡವ್ವ