ಗಲ್ಲಿಪೊಲಿಯ ಹಾಡುಗಳು ಮತ್ತು ತಾಳ ತಪ್ಪಿದ ಕಹಳೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಯುದ್ಧವಿರೋಧಿ ರಾಕ್ ಸಂಗೀತವನ್ನು ಕುರಿತು ಪ್ರಕಟವಾದ ಲೇಖನ ವಿಯೆಟ್ನಾಂ ಕಾಲದ ಅಮೆರಿಕದಲ್ಲಿ ಆರಂಭವಾಗಿ ಅಲ್ಲಿಯೇ ಮುಗಿದಿದೆ. ಆ ತಲೆಮಾರಿನ ಬಳಿಕ ಬಂದ ರಾಕ್ ಕಲಾವಿದರಿಗೆ ಯುದ್ಧದ ಬಗ್ಗೆ ಹೇಳುವುದೇನೂ ಉಳಿಯಲಿಲ್ಲ, ಅವರು ಪ್ರಯೋಗದ ಹೆಸರಿನಲ್ಲಿ ಬರಿಯ ಸದ್ದಿಗೆ ಜೋತುಬಿದ್ದರು ಎಂಬ ಲೇಖಕರ ತೀರ್ಮಾನವನ್ನು ಒಪ್ಪುವುದು ಕಷ್ಟ. ಇಂಗ್ಲೆಂಡಿನ ಗಿಟಾರ್ ವಾದಕಿ ಹಾಗೂ ಗಾಯಕಿ ಪಿ.ಜೆ. ಹಾರ್ವೆ 2011ರ ಫೆಬ್ರುವರಿಯಲ್ಲಿ ಹೊರತಂದ ‘ಲೆಟ್ ಇಂಗ್ಲೆಂಡ್ ಶೇಕ್’ ಎಂಬ ಒಂದು ಆಲ್ಬಂ ಸಾಕು, ಆ ಮಾತನ್ನು ಅಲ್ಲಗಳೆಯಲು. ಅದರಲ್ಲಿ ಪ್ರಯೋಗ ಒಂದು ಕಡೆ, ಯುದ್ಧದ ಮಾತು ಇನ್ನೊಂದು ಕಡೆ ಎಂದು ಬೇರ್ಪಡಿಸಲು ಬರುವುದಿಲ್ಲ. ವಾದ್ಯ ಎಲ್ಲಿ ತಪ್ಪುತ್ತದೆ, ರಾಗ ಎಲ್ಲಿಂದ ಎರವಲು ಬಂದಿದೆ ಎಂಬುದರಲ್ಲಿಯೇ ಹೇಳಬೇಕಾದದ್ದೆಲ್ಲ ಇದೆ.

1969ರಲ್ಲಿ ಡಾರ್ಸೆಟ್ ಪ್ರಾಂತ್ಯದಲ್ಲಿ ಹುಟ್ಟಿದ ಹಾರ್ವೆ ಹೆಸರು ಮಾಡಿದ್ದು 1993ರ ‘ರಿಡ್ ಆಫ್ ಮಿ’ಯಂತಹ, ಎಲೆಕ್ಟ್ರಿಕ್ ಗಿಟಾರಿನ ಒರಟು ನಾದವೇ ಮೈವೆತ್ತಂತಿರುವ ಆಲ್ಬಂಗಳಿಂದ. ಯುದ್ಧವನ್ನು ಕುರಿತು ಹಾಡಲು ಹೊರಟಾಗ ಇನ್ಯಾರಾದರೂ ಆ ಗಿಟಾರನ್ನೇ ಇನ್ನಷ್ಟು ಜೋರು ಮಾಡುತ್ತಿದ್ದರೇನೋ. ಆಕೆ ಅದನ್ನು ಹಿಂದಕ್ಕೆ ಸರಿಸಿ ಆಟೋಹಾರ್ಪ್ ಎತ್ತಿಕೊಂಡರು. ಸಾಲು ಸಾಲು ತಂತಿಗಳ ಮೇಲೆ ಗುಂಡಿಗಳಿರುವ ಈ ಪೆಟ್ಟಿಗೆ ನಮ್ಮ ಹಿಂದೂಸ್ತಾನಿ ಗಾಯಕರ ಸ್ವರಮಂಡಲದ ದೂರದ ನೆಂಟ. ಗುಂಡಿಯನ್ನು ಒತ್ತಿದರೆ ಬೇಡದ ತಂತಿಗಳು ಮೌನವಾಗಿ, ಬೇಕಾದ ಸ್ವರಗಳು ಮಾತ್ರ ಒಟ್ಟಿಗೆ ಮಿಡಿಯುತ್ತವೆ. ಸಾಹಿತ್ಯವನ್ನು ಮೊದಲು ಕವಿತೆಗಳಾಗಿ ಬರೆದುಕೊಂಡು, ರಾಗವನ್ನು ಆಮೇಲೆ ಹುಡುಕಿದ್ದಾಗಿ ಆಕೆಯೇ ಹೇಳಿಕೊಂಡಿದ್ದಾರೆ. 2010ರಲ್ಲಿ ಡಾರ್ಸೆಟ್ಟಿನ ಕಡಲಿಗೆ ಹತ್ತಿರವಿರುವ ಈಪ್ ಎಂಬ ಹಳ್ಳಿಯ ಚರ್ಚೊಂದರಲ್ಲಿ, ಸಂಗೀತಗಾರರಾದ ಜಾನ್ ಪ್ಯಾರಿಶ್, ಮಿಕ್ ಹಾರ್ವೆ (ಹೆಸರಿನ ಹೋಲಿಕೆಯಷ್ಟೇ, ಸಂಬಂಧಿಯಲ್ಲ) ಮತ್ತು ನಿರ್ಮಾಪಕ ಫ್ಲಡ್ ಅವರೊಂದಿಗೆ ಕೆಲವೇ ವಾರಗಳಲ್ಲಿ ಧ್ವನಿಮುದ್ರಣ ಮುಗಿಯಿತು. ಆಲ್ಬಂನಲ್ಲಿರುವುದು ಹನ್ನೆರಡು ಹಾಡು, ಸುಮಾರು ನಲವತ್ತು ನಿಮಿಷ.

‘ದ ವರ್ಡ್ಸ್ ದಟ್ ಮೇಕೆತ್ ಮರ್ಡರ್’ ಎಂಬ ಹಾಡನ್ನು ಲೇಖಕರು ಒಮ್ಮೆ ಕೇಳಬೇಕೆಂದು ಕೋರುತ್ತೇನೆ. ಮರದ ಕೊಂಬೆಗಳಲ್ಲಿ ನೇತಾಡುವ ಕೈಕಾಲುಗಳನ್ನೂ ಮಾಂಸದ ಮುದ್ದೆಗಳಂತೆ ಉರುಳಿಬಿದ್ದ ಸೈನಿಕರನ್ನೂ ಕಂಡವನೊಬ್ಬನ ಸಾಕ್ಷ್ಯ ಅದು. ಆದರೆ ಲಯ ಮಾತ್ರ ಕಾಲು ಕುಣಿಸುವಂಥದು, ಹಾಡುವ ದನಿಯಲ್ಲಿ ಅಳುವಿನ ಸುಳಿವೂ ಇಲ್ಲ. ಕೊನೆಯಲ್ಲಿ ಅದು 1958ರ ಎಡ್ಡಿ ಕಾಕ್ರನ್‌ನ ‘ಸಮ್ಮರ್‌ಟೈಮ್ ಬ್ಲೂಸ್’ನ ಒಂದು ಸಾಲನ್ನು ಹಿಡಿದುಕೊಳ್ಳುತ್ತದೆ. ಅಪ್ಪ ಕಾರು ಕೊಡಲಿಲ್ಲ, ಕೆಲಸದ ಯಜಮಾನ ಬಿಡುವು ಕೊಡಲಿಲ್ಲ ಎಂದು ಗೊಣಗುವ ಹದಿಹರೆಯದ ಹುಡುಗ, ನನ್ನ ಸಮಸ್ಯೆಯನ್ನು ವಿಶ್ವಸಂಸ್ಥೆಗೇ ಒಯ್ಯುತ್ತೇನೆ ಎಂದು ತಮಾಷೆ ಮಾಡುವ ಸಾಲು ಅದು. ಹಾರ್ವೆ ಅದನ್ನೇ, ಒಯ್ದರೆ ಹೇಗೆ ಎಂಬ ಪ್ರಶ್ನೆಯಾಗಿ ತಿರುಗಿಸಿ ಮತ್ತೆ ಮತ್ತೆ ಹಾಡುತ್ತಾರೆ. ಹಾಡುತ್ತ ಹಾಡುತ್ತ ತಮಾಷೆ ಕರಗಿ, ಇರಾಕ್ ಯುದ್ಧವನ್ನು ತಡೆಯಲಾಗದೆ ಹೋದ ವಿಶ್ವಸಂಸ್ಥೆಯೇ ಕಣ್ಣೆದುರು ಬಂದು ನಿಲ್ಲುತ್ತದೆ. ಯಾವ ಘೋಷಣೆಯನ್ನೂ ಕೂಗದೆ ಇದನ್ನು ಸಾಧಿಸಿರುವುದನ್ನು ಗಮನಿಸಬೇಕು.

‘ದ ಗ್ಲೋರಿಯಸ್ ಲ್ಯಾಂಡ್’ ಇನ್ನೂ ದಿಟ್ಟವಾದದ್ದು. ಗಿಟಾರು ತನ್ನ ಪಾಡಿಗೆ ತಾನು ನುಡಿಯುತ್ತಿರುವಾಗ ಸೇನೆಯ ಕಹಳೆಯೊಂದು ತಾಳಕ್ಕೂ ಹೊಂದದೆ, ಶ್ರುತಿಗೂ ಸೇರದೆ ನಡುವೆ ನುಗ್ಗುತ್ತದೆ. ಮೊದಲ ಸಲ ಕೇಳುವವರು ಪಕ್ಕದ ಕೋಣೆಯಲ್ಲಿ ಯಾರೋ ರೇಡಿಯೊ ಹಚ್ಚಿದ್ದಾರೆ ಎಂದುಕೊಂಡರೆ ತಪ್ಪಿಲ್ಲ. ಅಷ್ಟಕ್ಕೇ ನಿಲ್ಲದೆ ಅದು ಮತ್ತೆ ಬರುತ್ತದೆ. ಹಾಡು ಹೇಳುವುದು ನೇಗಿಲಿನ ಬದಲು ಟ್ಯಾಂಕುಗಳೂ ನಡೆಯುವ ಪಡೆಗಳೂ ಉತ್ತ ನೆಲದ ಕಥೆಯನ್ನು, ಆ ನೆಲದ ಫಸಲು ತಬ್ಬಲಿ ಮಕ್ಕಳು ಎಂಬುದನ್ನು. ಕಹಳೆಯನ್ನು ತಾಳಕ್ಕೆ ಕೂಡಿಸಿ ನುಡಿಸಿದ್ದರೆ ಅದೇ ಹಾಡು ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಹೊಂದುತ್ತಿತ್ತು.

ಆಲ್ಬಂನ ನಡುವೆ ಇರುವುದು 1915ರ ಏಪ್ರಿಲ್‌ನಿಂದ 1916ರ ಜನವರಿಯವರೆಗೆ ಟರ್ಕಿಯ ಗಲ್ಲಿಪೊಲಿಯಲ್ಲಿ ನಡೆದ, ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ತಲುಪುವ ಹಂಬಲದಲ್ಲಿ ಆರಂಭವಾಗಿ ಬ್ರಿಟನ್ ಮತ್ತು ಅದರ ಮಿತ್ರರ ಸೋಲಿನಲ್ಲಿ ಕೊನೆಗೊಂಡ ಮೊದಲ ಮಹಾಯುದ್ಧದ ಸಮರ. ಶೀರ್ಷಿಕೆ ಗೀತೆಯ ಮೊದಲ ರೂಪದಲ್ಲಿ ‘ಇಸ್ತಾಂಬುಲ್ (ನಾಟ್ ಕಾನ್‌ಸ್ಟಾಂಟಿನೋಪಲ್)’ ಎಂಬ 1950ರ ದಶಕದ ಹಗುರ ಹಾಡಿನ ತುಣುಕೇ ಹಿನ್ನೆಲೆಯಾಗಿತ್ತು. ಆಲ್ಬಂಗೆ ಬರುವಾಗ ಅದನ್ನು ತೆಗೆದು, ಅದರ ನೆರಳನ್ನಷ್ಟೇ ಕ್ಸೈಲೋಫೋನ್ ಎಂಬ ಮರದ ಪಟ್ಟಿಗಳ ವಾದ್ಯದಲ್ಲಿ ಉಳಿಸಿಕೊಂಡರು. ‘ಆನ್ ಬ್ಯಾಟಲ್‌ಶಿಪ್ ಹಿಲ್’ನಲ್ಲಿ ಗಾಳಿ ಹೊತ್ತು ತರುವುದು ಥೈಮ್ ಗಿಡದ ಪರಿಮಳವನ್ನು. ಎಂಬತ್ತು ವರ್ಷಗಳಲ್ಲಿ ಕಂದಕಗಳು ಮುಚ್ಚಿಹೋಗಿ ಪ್ರಕೃತಿಯೇ ಗೆದ್ದಿದೆ ಎನ್ನುವಾಗ ಆಕೆಯ ದನಿ ತೀರ ಮೇಲಿನ ಸ್ಥಾಯಿಗೆ ಏರಿ, ಇನ್ನೇನು ಒಡೆಯುತ್ತದೆ ಎನ್ನುವಷ್ಟು ತೆಳುವಾಗುತ್ತದೆ. ಕೊನೆಯ ಹಾಡನ್ನು ಆಸ್ಟ್ರೇಲಿಯಾದವರಾದ ಮಿಕ್ ಹಾರ್ವೆ ಎತ್ತಿಕೊಡುತ್ತಾರೆ. ಆಂಜಾಕ್ (ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸೇನೆ) ಕಂದಕದಿಂದ ಮುಂದಕ್ಕೆ ಓಡಿ ಮರಳಿ ಬಾರದ ಗೆಳೆಯನನ್ನು ನೆನೆಯುವ ಆ ಹಾಡಿಗೆ ಅದು ಸರಿಯಾದ ಆಯ್ಕೆಯೇ.

ದೋಷವಿಲ್ಲದ ಕೃತಿ ಎಂದು ನಾನು ಹೇಳುತ್ತಿಲ್ಲ. ‘ಇಂಗ್ಲೆಂಡ್’ ಎಂಬ ಹಾಡಿನಲ್ಲಿ ಕುರ್ದಿ ಗಾಯಕನೊಬ್ಬನ ಹಳೆಯ ಧ್ವನಿಮುದ್ರಣವನ್ನು ಬೆರೆಸಿರುವುದು ಕಹಳೆಯಷ್ಟು ನಾಟುವುದಿಲ್ಲ, ಎರಡು ದನಿಗಳೂ ಒಂದರ ಮೇಲೊಂದು ಬಿದ್ದು ಅಸ್ಪಷ್ಟವಾಗುತ್ತವೆ. ಇನ್ನೂ ದೊಡ್ಡ ಕೊರತೆಯೆಂದರೆ, ಗಲ್ಲಿಪೊಲಿಯಲ್ಲಿ ಹೋರಾಡಿದ ಭಾರತದ ಸೈನಿಕರ ಸುಳಿವೇ ಇಲ್ಲಿಲ್ಲ. 1915ರ ಜೂನ್ 4ರ ಒಂದೇ ದಿನದ ದಾಳಿಯಲ್ಲಿ 14ನೇ ಸಿಖ್ ರೆಜಿಮೆಂಟಿನ ಬಹುಪಾಲು ಮಂದಿ ಸತ್ತರು, ಇಲ್ಲವೇ ಗಾಯಗೊಂಡರು. ಆ ಕಡಲತೀರದ ಗಾಯಾಳುಗಳನ್ನು ಹಡಗುಗಳಲ್ಲಿ ಈಜಿಪ್ಟಿಗೆ ಸಾಗಿಸುತ್ತಿದ್ದ ದಿನಗಳಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಅದೇ ಈಜಿಪ್ಟಿನಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರವನ್ನು ಗೆದ್ದ ಕುದುರೆ ಪಡೆಗಳಲ್ಲಿ ಅವರೂ ಇದ್ದರು, ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಆದರೆ ಹಾರ್ವೆ ಬರೆದದ್ದು ತಮ್ಮ ದೇಶದ ಪಾಪಪ್ರಜ್ಞೆಯನ್ನು ಕುರಿತು. ನಮ್ಮವರ ಪಾಲನ್ನೂ ಆಕೆಯೇ ಹಾಡಬೇಕಿತ್ತೆಂದು ಬಯಸುವುದು ನ್ಯಾಯವಾಗಲಾರದು.

ಈ ಆಲ್ಬಂ ಬ್ರಿಟನ್ನಿನ ವರ್ಷದ ಅತ್ಯುತ್ತಮ ಆಲ್ಬಂಗೆ ನೀಡುವ ಮರ್ಕ್ಯುರಿ ಪ್ರಶಸ್ತಿಯನ್ನು 2011ರಲ್ಲಿ ಪಡೆಯಿತು, 2001ರಲ್ಲೂ ಗೆದ್ದಿದ್ದ ಹಾರ್ವೆ ಅದನ್ನು ಎರಡು ಬಾರಿ ಪಡೆದ ಮೊದಲ ಕಲಾವಿದೆಯಾದರು. ಆಫ್ಘಾನಿಸ್ತಾನದ ಯುದ್ಧವನ್ನು ಚಿತ್ರಿಸಿದ ಛಾಯಾಗ್ರಾಹಕ ಶೇಮಸ್ ಮರ್ಫಿ ಹನ್ನೆರಡು ಹಾಡುಗಳಿಗೂ ಕಿರುಚಿತ್ರ ಮಾಡಿದರು. ಇಷ್ಟೆಲ್ಲ ಬಹಿರಂಗವಾಗಿ ನಡೆದ ಸಂಗತಿ ಲೇಖನದಿಂದ ಹೊರಗುಳಿದದ್ದು ಅಚ್ಚರಿಯೇ ಸರಿ. ಲೇಖನದ ಎರಡನೆಯ ಕಂತು ಬರಲಿದೆ ಎಂದು ಪುರವಣಿಯ ಕೊನೆಯಲ್ಲಿ ಸೂಚಿಸಿದ್ದೀರಿ. ಅದರಲ್ಲಿ ಈ ಆಲ್ಬಂಗೆ ಜಾಗ ಕೊಡಬೇಕು. ಬರೆಯುವವರು ಒಂದೆರಡು ಹಾಡು ಆರಿಸಿ ಕೇಳಿ ಬಿಡದೆ, ಮೊದಲಿನಿಂದ ಕೊನೆಯವರೆಗೆ ಅನುಕ್ರಮವಾಗಿ ಕೇಳಿ ಬರೆಯಬೇಕು ಎಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ, ಮೈಸೂರು